ಚಂದ್ರಿ ನುಂಗಿದ ಗಂಜಿ

ಸೊಣ್ಣಪ್ಪನ ಆ ದಿನದ ಗ್ರಹಚಾರ ಒಂದು ಕೆಮ್ಮಿನಿಂದ ಶುರುವಾಯಿತು. ಎರಡು ವರ್ಷದ ಮಗಳು ಚಂದ್ರಿ ಬೆಳಗಿನ ಗಂಜಿ ನುಂಗಲಾರದೆ ಕೆಮ್ಮಿದ್ದೇ ತಡ, ಲಗ್ಗೆರೆಯ ಆ ವಠಾರಕ್ಕೆ ವಠಾರವೇ ಬಾಗಿಲಿಗೆ ಬಂದು ನಿಂತಿತು.

ಹುಟ್ಟಿದಾಗಿನಿಂದ ಚಂದ್ರಿಗೆ ನುಂಗುವುದೇ ಕಷ್ಟ. ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಮೇಡಂ ಸಂಜೆ ಮನೆಗೇ ಬರುವವರಿದ್ದರು. ಅವರೆದುರು ಮಗು ಒಂದು ಬಟ್ಟಲು ಗಂಜಿ ನುಂಗದಿದ್ದರೆ ಊಟಕ್ಕೆ ಮೂಗಿನಿಂದ ಹೊಟ್ಟೆಗೆ ಟ್ಯೂಬು. ಹೆಂಡತಿ ಊದುಬತ್ತಿ ಫ್ಯಾಕ್ಟರಿಗೆ ಹೋಗಿದ್ದಳು. ಸೊಣ್ಣಪ್ಪ ಪೀಣ್ಯದ ಲೇತ್ ಕೆಲಸಕ್ಕೆ ರಜೆ ಹಾಕಿ ಕೂತಿದ್ದ.

"ಗಂಟ್ಲಲ್ಲಿ ಅನ್ನ ಇಳೀದಿದ್ರೆ ಮಾತಿನ ಡಾಕ್ಟ್ರ ಅತ್ರ ಯಾಕ್ಲಾ ಓಗ್ತೀಯ?" ಎಂದ ಮನೆ ಮಾಲೀಕ ನಲ್ಲಪ್ಪ. "ಅಲ್ಲುನೋವಿಗೆ ಟೈಲರ್ ಅತ್ರ ಓದಂಗಾಯ್ತು!"

"ಮಾತಾಡೋಕೂ ನುಂಗೋಕೂ ಅದೇ ನಾಲಿಗೆ, ಅದೇ ಗಂಟಲು ಅಂತೆ ಕಣಣ್ಣ."

ಅಷ್ಟರಲ್ಲಿ ಪಕ್ಕದ ಮನೆ ರಾಮಕ್ಕ, ಕೂಸಿಗೆ ಕುಡಿಸುವ ಒಳಲೆ ಹಿಡಿದು ಕಾಲು ಚಾಚಿ ಕೂತೇಬಿಟ್ಟಳು. "ಕೊಡಿಲ್ಲಿ ಮಗೀನ. ಕಾಲ್ಮೇಲೆ ಅಂಗಾತ ಮಲಗ್ಸಿ ಉಯ್ದುಬಿಟ್ರೆ ಗಟಗಟ ಇಳೀತದೆ. ನನ್ ಮಕ್ಳನ್ನೆಲ್ಲಾ ಇಂಗೇ ಸಾಕಿದ್ದು."

"ಬೇಡಕ್ಕ! ಉಸಿರಾಡೋ ದಾರಿಗೆ ಹೋದ್ರೆ ಮಗು ಉಳಿಯಲ್ಲ!" ಸೊಣ್ಣಪ್ಪ ಮಗಳನ್ನು ಎದೆಗವಚಿಕೊಂಡು, ಎಲ್ಲರನ್ನೂ ಹೊರಗೆ ಸಾಗಹಾಕಿ ಚಿಲಕ ಹಾಕಿದ.

ಮಧ್ಯಾಹ್ನವೆಲ್ಲ ಮೇಡಂ ಹೇಳಿಕೊಟ್ಟಂತೆ ಮಾಡಿದ. ಮಗುವನ್ನು ನೆಟ್ಟಗೆ ಕೂರಿಸಿದ, ಗದ್ದ ತುಸು ತಗ್ಗಿಸಿದ, ಚಮಚದ ತುದಿಯಲ್ಲಿ ದಪ್ಪ ಗಂಜಿ ಹಿಡಿದ. ಬೆಳಗ್ಗೆ ಹೆದರಿದ್ದ ಚಂದ್ರಿ ಬೀಗ ಜಡಿದ ಗೋದಾಮಿನಂತೆ ಬಾಯಿ ಮುಚ್ಚಿ ಕೂತಿದ್ದಳು. ಚಮಚದಿಂದ ಜಾರಿದ ಗಂಜಿಯನ್ನೆಲ್ಲ ಅವನ ಲುಂಗಿಯೇ ತಿಂದಿತು. ಕಿಟಕಿಯಿಂದ ಸಲಹೆಗಳು ಬರುತ್ತಲೇ ಇದ್ದವು.

ಸಂಜೆ ಮೇಡಂ ಬಂದರು. ಚಿಲಕ ತೆಗೆದದ್ದೇ ಅವರ ಹಿಂದೆ ವಠಾರವೂ ನುಗ್ಗಿತು. ಸೊಣ್ಣಪ್ಪ ಚಮಚ ಎತ್ತಿದ. ಮಗುವಿಗಿಂತ ಮೊದಲು ರಾಮಕ್ಕನ ಬಾಯಿ ತೆರೆಯಿತು. ನಲ್ಲಪ್ಪನದೂ ತೆರೆಯಿತು, ಹಿಂದೆ ನಿಂತವರದೂ. ಎಲ್ಲರೂ ಖಾಲಿ ಬಾಯಲ್ಲೇ ಗುಳಕ್ಕನೆ ನುಂಗಿದರು. ಚಂದ್ರಿ ಅವರನ್ನೇ ನೋಡಿದಳು. ಬಾಯಿ ತೆರೆದಳು. ನುಂಗಿದಳು. ಕೆಮ್ಮಲಿಲ್ಲ. ನೋಡನೋಡುತ್ತ ಬಟ್ಟಲು ಬರಿದಾಯಿತು.

"ಟ್ಯೂಬು ಬೇಡ," ಎಂದರು ಮೇಡಂ. ಸೊಣ್ಣಪ್ಪನಿಗೆ ಅಳುವೇ ಬಂತು.

"ಆದ್ರೆ ಮಗು ಕಲೀತಿರೋದು ಇವರನ್ನ ನೋಡಿ. ಇನ್ಮೇಲೆ ಪ್ರತಿ ಊಟಕ್ಕೂ ಇವರು ಎದುರಿಗಿರ್ಲಿ. ಬರೀ ಬಾಯಿ ಆಡಿಸಿದ್ರೆ ಸಾಲ್ದು, ನಿಜವಾಗ್ಲೂ ತಿನ್ಲಿ."

"ಮೂರು ಹೊತ್ತೂನಾ ಮೇಡಂ?" ಎಂದ ಸೊಣ್ಣಪ್ಪ.

"ಮೂರು ಹೊತ್ತೂ."

ವಠಾರ ಗೋಡೆಯುದ್ದಕ್ಕೂ ಸಾಲಾಗಿ ಕೂತಿತು. ಸೊಣ್ಣಪ್ಪ ಮನೆಯಲ್ಲಿದ್ದ ದೊಡ್ಡ ಪಾತ್ರೆ ಹುಡುಕಿ ಸ್ಟೌವಿಗೇರಿಸಿದ.

ನಲ್ಲಪ್ಪ ಮೊದಲ ಗುಟುಕು ಚಪ್ಪರಿಸಿ ಮುಖ ಹಿಂಡಿದ. "ಉಪ್ಪು ಕಮ್ಮಿ ಕಣ್ಲಾ. ನಾಳೆ ಒಸಿ ಉಪ್ಪಿನಕಾಯೀನೂ ಮಡಗು."