ಬಾನೆಟ್ ಬಿಸಿ ಇದ್ದರೆ ಬೇಡ

ನಮ್ಮ ಅತ್ತಿಗೆಗೆ ಮನುಷ್ಯರ ಮೇಲೆ ಬೆಟ್ಟದಷ್ಟು ನಂಬಿಕೆ. ಆ ಮನುಷ್ಯರು ಮಾರುವ ಹಳೇ ಕಾರಿನ ಮೇಲೆ ಮಾತ್ರ ಸಾಸಿವೆ ಕಾಳಿನಷ್ಟೂ ಇಲ್ಲ. ನಮ್ಮಣ್ಣನನ್ನು ಮದುವೆಗೆ ಒಪ್ಪಲು ಅವರು ತೆಗೆದುಕೊಂಡಿದ್ದು ಒಂದು ಪ್ಲೇಟು ಉಪ್ಪಿಟ್ಟು ಮುಗಿಯುವಷ್ಟು ಹೊತ್ತು. ಒಂದು ಕಾರನ್ನು ನೋಡಲು ಎರಡು ಗಂಟೆ ಬೇಕು, ಆಮೇಲೂ ಒಪ್ಪುವುದಿಲ್ಲ! "ನನ್ನನ್ನೂ ಹಾಗೆ ನೋಡಿದ್ದಿದ್ರೆ ನಾನು ಇವತ್ತಿಗೂ ಬ್ರಹ್ಮಚಾರಿ" ಅಂತ ಅಣ್ಣ ಹೇಳುತ್ತಿರುತ್ತಾನೆ. ನಗುತ್ತಾ ಹೇಳುತ್ತಾನೋ ಕೊರಗಿ ಹೇಳುತ್ತಾನೋ ನನಗಿನ್ನೂ ಗೊತ್ತಾಗಿಲ್ಲ.

ಅವರಿರುವುದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ಅತ್ತಿಗೆ ವೃದ್ಧಾಶ್ರಮದಲ್ಲಿ ನರ್ಸ್, ಸ್ಕೂಲಿಗೆ ಹೋಗುವ ಒಬ್ಬ ಮಗ. ಹದಿನಾರು ವರ್ಷದ ಒಂದು ಬಿಳಿ ಕಾರಿತ್ತು, ಅದರ ಕೀಯನ್ನು ಕಟ್ಟಿಕೊಂಡ ಗಂಡನಿಗೂ ಕೊಡುತ್ತಿರಲಿಲ್ಲ. ಮೆಕ್ಯಾನಿಕ್ ವಿದ್ಯೆ ಎಲ್ಲಿ ಕಲಿತಿರಿ ಅಂತ ಒಮ್ಮೆ ಕೇಳಿದ್ದೆ. ಕಲೀಲೇಬೇಕಾಯ್ತು ಕಣೋ ಅಂದು ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದರು.

ಮೊದಲ ಸಲ ನಾನು ಅವರ ಮನೆಗೆ ಹೋದಾಗ ದಸರಾ. ಒಳಗೆ ಗೊಂಬೆ, ಆರತಿ, ಹಾಡು. ಅರಿಶಿನ ಕುಂಕುಮಕ್ಕೆ ಮನೆ ತುಂಬ ಹೆಂಗಸರು. ಅತ್ತಿಗೆ ಎಲ್ಲಿ ಅಂತ ಹುಡುಕಿಕೊಂಡು ಹೊರಗೆ ಬಂದರೆ, ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಮಂಡಿಯೂರಿ, ಬಂದವರ ಕಾರುಗಳ ಕೆಳಗೆ ಒಂದೊಂದು ರಟ್ಟು ತಳ್ಳುತ್ತಿದ್ದಾರೆ! ನಾನು ಹೌಹಾರಿಬಿಟ್ಟೆ. ಏನಿದು, ಮಾಟಗೀಟ ಮಾಡ್ತಿದ್ದಾರಾ? ಎಲ್ಲರೂ ತಾಂಬೂಲ ತಗೊಂಡು ಹೊರಟ ಮೇಲೆ ರಟ್ಟುಗಳನ್ನು ಸಾಲಾಗಿ ಜೋಡಿಸಿ ಓದತೊಡಗಿದರು. ಕಪ್ಪು ಚುಕ್ಕೆಯಾದರೆ ಎಂಜಿನ್ ಆಯಿಲ್, ಕೆಂಪಾದರೆ ಗೇರ್‌ಬಾಕ್ಸ್, ಹಸಿರಾದರೆ ಎಂಜಿನ್ ತಣಿಸುವ ಕೂಲೆಂಟ್, ಬರೀ ನೀರಾದರೆ ಏಸಿಯದ್ದು, ಭಯವಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಫೋನ್. ಹೋಳಿಗೆ ಹೇಗಿತ್ತು ಅಂತ ಕೇಳಿ, ಅದೇ ಉಸಿರಿನಲ್ಲಿ ನಿಮ್ಮ ಗೇರ್‌ಬಾಕ್ಸ್ ಸೋರ್ತಿದೆ ಅಂತ ಹೇಳೋದು! ಆವತ್ತಿನಿಂದ ಅರ್ಧ ಜನ ಕಾರನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ ನಡೆದುಕೊಂಡು ಬರುತ್ತಾರಂತೆ.

ಇಂಥವರ ಕೈಗೆ ನಾನು ಸಿಕ್ಕಿಬಿದ್ದೆ. ನಾವಿರುವುದು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ. ಮನೆಯ ಮಾರ್ಟ್‌ಗೇಜ್ ಕಟ್ಟುತ್ತಾ, ಟ್ರೇನಿನಲ್ಲಿ ಓಡಾಡಿಕೊಂಡು ಕಾರಿಲ್ಲದೆ ಹೇಗೋ ದಿನ ತಳ್ಳಿದ್ದೆವು. ಹೆಂಡತಿಗೆ ಎಂಟು ತಿಂಗಳು ತುಂಬಿತು. ಆಸ್ಪತ್ರೆ ಅರ್ಧ ಗಂಟೆ ದೂರ. ನೋವು ಬಂದಾಗ ಟ್ರೇನಿಗೆ ಕಾಯೋಕಾಗತ್ತಾ? ಒಂದು ಹಳೇ ಕಾರು ತಗೋಬೇಕು ಅಂತ ಅಣ್ಣನಿಗೆ ಫೋನ್ ಮಾಡಿದೆ. ಫೋನು ಎತ್ತಿದ್ದು ಅಣ್ಣ, ಕಿತ್ತುಕೊಂಡಿದ್ದು ಅತ್ತಿಗೆ. ವೀಡಿಯೊ ಕಾಲ್‌ನಲ್ಲೇ ನಾನು ನೋಡ್ತೀನಿ, ನಾನು ಹೂಂ ಅನ್ನೋವರೆಗೂ ಡೆಪಾಸಿಟ್ ಕೊಡಕೂಡದು ಅಂತ ಅಪ್ಪಣೆಯಾಯಿತು.

ಮೊದಲನೇ ಕಾರು ಪೆಂಡಲ್ ಹಿಲ್‌ನಲ್ಲಿ. ಮಾರುವವರು ಒಬ್ಬ ಗುಜರಾತಿ ಅಂಕಲ್, ಪಾಪ, ಚಹಾ ಕೂಡ ಕೊಟ್ಟರು. ಅತ್ತಿಗೆಯ ಮೊದಲ ಸೂತ್ರ: ಕೀ ಮುಟ್ಟುವ ಮುಂಚೆ ಅಂಗೈ ಹಿಂಭಾಗವನ್ನು ಬಾನೆಟ್ ಮೇಲಿಡು, ಮಗುವಿಗೆ ಜ್ವರ ನೋಡ್ತಾರಲ್ಲ ಹಾಗೆ. ಬಿಸಿ ಇದ್ದರೆ ತಿರುಗಿ ನೋಡದೆ ಬಾ. ಯಾಕೆ ಅಂದರೆ, ಕಾಯಿಲೆ ಇರುವ ಎಂಜಿನ್ನು ಗೊರಗೊರ ಅನ್ನೋದು ತಣ್ಣಗಿದ್ದು ಸ್ಟಾರ್ಟ್ ಆಗುವಾಗ. ಅದು ಕೇಳಬಾರದು ಅಂತಲೇ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿರುತ್ತಾರಂತೆ! ಬಾನೆಟ್ ತಣ್ಣಗಿತ್ತು. ಮುಂದೆ ಆಯಿಲ್ ಮುಚ್ಚಳ ತೆಗೆಸಿದರು. ಒಳಗೆ ಹಳದಿ ಬಿಳುಪಿನ ಲೋಳೆ.

"ಮಜ್ಜಿಗೆ ಹುಳಿ ಆಗಿದೆ, ಬಾ ಈಚೆಗೆ" ಅಂದರು ಅತ್ತಿಗೆ. ಎಂಜಿನ್ನಿನೊಳಗೆ ಆಯಿಲಿಗೆ ನೀರು ಸೇರಿದರೆ ಹಾಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಷ್ಟಕ್ಕೇ ಬಿಟ್ಟರಾ? ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಸಿ ನೋಡಲು ಹೇಳಿದರು, ಪ್ರವಾಹದಲ್ಲಿ ಮುಳುಗಿದ ಕಾರಾದರೆ ವಾಸನೆ ಹೋಗೋದಿಲ್ಲವಂತೆ. ಶನಿವಾರ ಬೆಳಿಗ್ಗೆ, ಜನ ಇಡ್ಲಿ ದೋಸೆ ಪಾರ್ಸೆಲ್ ಹಿಡಿದು ಓಡಾಡುವ ರಸ್ತೆಯಲ್ಲಿ, ನಾನು ಡಿಕ್ಕಿಯೊಳಗೆ ಮೂಗು ತೂರಿಸಿ ಬಗ್ಗಿದ್ದೇನೆ. ನಮ್ಮ ಮ್ಯಾನೇಜರ್ ಅದೇ ದಾರಿಯಲ್ಲಿ ಬರಬೇಕಾ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೀಗೆ ಐದು ಕಾರು ಹೋದವು. ನನಗೆ ತಲೆ ಕೆಟ್ಟು, ಅವರಿಗೆ ಹೇಳದೆ ಒಂದು ಡೀಸೆಲ್ ಗಾಡಿ ನೋಡಿ ಬಂದೆ. ಡೀಸೆಲ್ ಅಂದರೆ ಮೈಲೇಜು ಅಂತ ಬೆಂಗಳೂರಿನಲ್ಲಿ ನಾವೆಲ್ಲ ಹಾಲು ಕುಡಿಯುತ್ತಲೇ ಕಲಿತಿದ್ದಲ್ಲವೇ? ಬಾಯಿ ಸುಮ್ಮನಿರಲಿಲ್ಲ, ಅಣ್ಣನಿಗೆ ಹೇಳಿದೆ. ಅರ್ಧ ನಿಮಿಷಕ್ಕೆ ಅತ್ತಿಗೆಯ ಫೋನು. ದಿನಾ ಎಷ್ಟು ದೂರ ಓಡಿಸ್ತೀಯಾ ಅಂತ ಕೇಳಿದರು. ಸ್ಟೇಷನ್ನಿಗೆ ಮೂರು ಕಿಲೋಮೀಟರ್ ಅಂದೆ.

"ಒಂದು ಲೋಟ ಕಾಫಿಗೆ ಹಂಡೆ ಒಲೆ ಹಚ್ತೀಯೇನೋ?"

ಈ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದಂತೆ. ದೂರ ಓಡಿ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ, ಮೂರು ಮೂರು ಕಿಲೋಮೀಟರ್ ಓಡಿಸಿದರೆ ಉಸಿರುಕಟ್ಟಿ ನಿಲ್ಲುತ್ತದೆ. ಟರ್ಬೋ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ ಸಾಕು, ಒಳಗೆ ಹರಿದುಹೋಗುವ ಬೆಲ್ಟ್ ಬದಲು ಚೈನ್ ಇರಲಿ, ನೀನೇನು ರೇಸಿಗೆ ಹೋಗೋದಿಲ್ಲ ಅಂದರು. ಎಂಜಿನಿಯರಿಂಗ್ ಓದಿದವನು ನಾನು, ಹೇಳಿಸಿಕೊಂಡಿದ್ದು ಹೀಗೆ.

ಏಳನೆಯದು ಅಂಥದೇ ಕಾರು. ಪೆಟ್ರೋಲು, ಚೈನು, ಆಯಿಲ್ ಜೇನಿನ ಬಣ್ಣ, ಡಿಕ್ಕಿಯಲ್ಲಿ ಪರಿಮಳ! ಹೆಂಡತಿ ಸೊಂಟಕ್ಕೆ ಕೈಕೊಟ್ಟು ಪಕ್ಕದಲ್ಲೇ ನಿಂತಿದ್ದಳು. ಬಾನೆಟ್ ಮಾತ್ರ ಬಿಸಿ. ಈಗಷ್ಟೇ ತೊಳೆಸಿಕೊಂಡು ಬಂದೆ ಅಂದ ಮಾರುವವನು. ಬೇಡ ಅಂದರು ಅತ್ತಿಗೆ. ಹೆಂಡತಿ ಅಲ್ಲೇ ಫುಟ್‌ಪಾತಿನ ಮೇಲೆ ಕೂತು ಅಳತೊಡಗಿದಳು. ನನಗೆ ಎಲ್ಲಿತ್ತೋ ಸಿಟ್ಟು!

"ಅತ್ತಿಗೆ, ನಿಮ್ಮ ಹುಚ್ಚಿಗೆ ನನ್ನ ಮಗು ರಸ್ತೆಯಲ್ಲಿ ಹುಟ್ಟಬೇಕಾ?"

 ಒಂದು ಮಾತಿಗೆ ಹತ್ತು ಮಾತು ಕೊಡುವವರು ಸುಮ್ಮನೆ ಫೋನಿಟ್ಟರು.  ಕಾರು ಬಿಟ್ಟು ಮನೆಗೆ ಬಂದೆವು. ಮೂರು ದಿನ ಫೋನಿಲ್ಲ, ನಾನು ಮಾಡಿದರೂ ಎತ್ತಲಿಲ್ಲ.

ನಾಲ್ಕನೇ ದಿನ ಸಂಜೆ ಬಾಗಿಲು ತೆಗೆದರೆ ಅತ್ತಿಗೆ. ಹಿಂದೆ ಆ ಬಿಳಿ ಕಾರು. ಮೆಲ್ಬರ್ನಿನಿಂದ ಎಂಟುನೂರು ಚಿಲ್ಲರೆ ಕಿಲೋಮೀಟರು ಒಬ್ಬರೇ ಓಡಿಸಿಕೊಂಡು ಬಂದಿದ್ದಾರೆ! ಕೀಯನ್ನು ನನ್ನ ಕೈಗಿಟ್ಟು, ಇದರ ಕೆಮ್ಮು ನೆಗಡಿ ಎಲ್ಲಾ ನಂಗೆ ಗೊತ್ತು, ಇದು ದಾರೀಲಿ ನಿಲ್ಲಲ್ಲ, ನಾನು ಟ್ರೇನಲ್ಲಿ ಹೋಗ್ತೀನಿ ಅಂದರು. ನಾನು ಅಭ್ಯಾಸಬಲದಿಂದ ಅಂಗೈ ಹಿಂಭಾಗವನ್ನು ಬಾನೆಟ್ ಮೇಲಿಟ್ಟೆ. ಸುಡುತ್ತಿತ್ತು. ಬಿಸಿ ಇದೆಯಲ್ಲ, ಬೇಡ ಅಂತ ತಮಾಷೆ ಮಾಡಿದೆ.

"ಮಗ ಹುಟ್ಟುವಾಗ ನಂಗೆ ನೋವು ಬಂದ ದಿನ ನಿಮ್ಮಣ್ಣ ತಂದಿದ್ದ ಹಳೇ ಕಾರು ಸ್ಟಾರ್ಟೇ ಆಗ್ಲಿಲ್ಲ ಕಣೋ. ಪಕ್ಕದ ಮನೆ ಪ್ಲಂಬರ್‌ನ ಗಾಡೀಲಿ, ಪೈಪುಗಳ ಮಧ್ಯೆ ಆಸ್ಪತ್ರೆಗೆ ಹೋದೆ. ನೋಡಿ ತಗೊಳ್ಳಿ ಅಂತ ಹೇಳೋಕೆ ನಮಗ್ಯಾರೂ ಇರ್ಲಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ನನ್ನ ಹೆಂಡತಿಯ ಕಾಲು ಒತ್ತುತ್ತಾ ಕೂತರು. ನಾನು ಆಡಿದ ಮಾತಿಗೆ ನಾಲಿಗೆ ಕಡಿದುಕೊಳ್ಳಬೇಕು ಅನ್ನಿಸಿತು. ಕ್ಷಮಿಸಿ ಅಂತ ಹೇಳಿದರೆ, ಮೊದಲು ಟೈರಿನ ಗಾಳಿ ನೋಡು ಹೋಗು ಅಂದರು.

ಅತ್ತಿಗೆ ಟ್ರೇನು ಹತ್ತಿ ಹೋದ ಒಂಬತ್ತು ದಿನಕ್ಕೆ ಬೆಳಗಿನ ಜಾವ ನೋವು ಶುರುವಾಯಿತು. ಹೊರಗೆ ಕೊರೆಯುವ ಚಳಿ. ಓಡಿಹೋಗಿ ಬಾನೆಟ್ ಮೇಲೆ ಕೈಯಿಟ್ಟೆ, ಮಂಜುಗಡ್ಡೆ. "ರೀ, ಇವಾಗಲೂ ಮುಟ್ಟಿ ನೋಡ್ತೀರಾ, ಗಾಡಿ ಹತ್ರೀ" ಅಂತ ಹೆಂಡತಿ ನೋವಿನಲ್ಲೂ ಗದರಿದಳು. ಕೀ ತಿರುಗಿಸಿದೆ.

ಮಧ್ಯಾಹ್ನ ಕ್ರೇಗಿಬರ್ನ್‌ಗೆ ಫೋನ್ ಮಾಡಿ, ಹೆಣ್ಣು ಮಗು ಅತ್ತಿಗೆ, ಇಬ್ಬರೂ ಆರಾಮ ಅಂದೆ. ಆ ಕಡೆ ಅಳು ಕೇಳಿಸಿತು. ಮೂಗು ಎಳೆಯುತ್ತಾ ಕೇಳಿದರು:

"ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತೇನೋ?"

"ಆಯ್ತು ಅತ್ತಿಗೆ" ಅಂದೆ, ನಾನೂ ಅಳುತ್ತಾ.