ರೈಲಿನ ಹಲಗೆಗೆ ವಾಟ ಕೊಟ್ಟದ್ದು

ಆಗ ನನಗೆ ಅರವತ್ತೆಂಟು, ಅದಾಗಿ ಈಗ ಮೂರು ವರ್ಷವಾಯಿತು. ಅರವತ್ತೆಂಟು ಅನ್ನೋದು ಆಧಾರ್ ಕಾರ್ಡಿನ ಲೆಕ್ಕ. ಕಾರ್ಡು ಬರೆದವನು ನನ್ನ ಮುಖ ನೋಡಿ ಹುಟ್ಟಿದ ವರ್ಷ ಹಾಕಿದ, ತಾರೀಕಿಗೆ ನಮ್ಮ ಬೀದಿಯ ಮುದುಕಿಯರಿಗೆಲ್ಲ ಹಾಕಿದ ಹಾಗೆ ಜನವರಿ ಒಂದು ಅಂತ ಹಾಕಿದ. ಆ ವಯಸ್ಸಿನವರೆಗೂ ನನ್ನ ಕೆಲಸದಲ್ಲಿ ತಪ್ಪಾಗಿದೆ ಅಂತ ನಾನು ಬಾಯಿಬಿಟ್ಟು ಒಪ್ಪಿಕೊಂಡವಳಲ್ಲ. ತಪ್ಪೇ ಆಗಿರಲಿಲ್ಲ ಅಂತಲ್ಲ. ಸಿಮೆಂಟು ಹಳೇದು, ಮರಳಲ್ಲಿ ಮಣ್ಣಿತ್ತು, ಮನೆಯವರು ಸರಿಯಾಗಿ ನೀರು ಹೊಡೆಯಲಿಲ್ಲ, ಹೀಗೆ ಏನಾದರೊಂದು ಸಿಕ್ಕೇ ಸಿಗುತ್ತಿತ್ತು. ಗಾರೆ ಕೆಲಸದಲ್ಲಿ ಅದೊಂದು ಅನುಕೂಲ.

ನಮ್ಮ ಯಜಮಾನರು ಹುಣಸೂರಲ್ಲಿ ಗಾರೆ ಮೇಸ್ತ್ರಿ. ನಾನು ಅವರಿಗೆ ಚಿತ್ತಾಳು, ಬಾಣಲಿ ಹೊರುವವಳು. ಅವರು ಹೋದ ಮೇಲೆ ನಾನೇ ಕರಣೆ ಹಿಡಿದು ಬಚ್ಚಲಿಗೆ, ಹಿತ್ತಿಲಿಗೆ ನೆಲ ಹಾಕಿಕೊಂಡು ಬದುಕಿದೆ. ನೆಲಕ್ಕೆ ಮುಖ್ಯ ವಾಟ. ಮೋರಿ ಕಡೆಗೆ ಒಂಚೂರು ಇಳಿಜಾರು ಕೊಡಬೇಕು, ಇಲ್ಲದಿದ್ದರೆ ನೀರು ನಿಂತು ಪಾಚಿ ಕಟ್ಟುತ್ತೆ. ಒಳ್ಳೆಯ ವಾಟ ಮನುಷ್ಯರ ಕಣ್ಣಿಗೆ ಕಾಣಬಾರದು, ನೀರಿಗೆ ಮಾತ್ರ ಗೊತ್ತಾಗಬೇಕು. ಕೈ ರೂಢಿ ಹೇಗಿತ್ತು ಅಂದರೆ ನಮ್ಮ ನಡುಮನೆಗೂ ವಾಟ ಕೊಟ್ಟಿದ್ದೀನಿ. ಈರುಳ್ಳಿ ಕೆಳಗೆ ಬಿದ್ದರೆ ಹುಡುಕಬೇಕಾಗಿಲ್ಲ, ಹೊಸ್ತಿಲ ಹತ್ತಿರ ಹೋಗಿ ನಿಂತಿರುತ್ತೆ.

ನಮ್ಮ ಗೋಡೆಗೆ ಅಂಟಿಕೊಂಡೇ ಬಡಗಿ ಇಬ್ರಾಹಿಂ ಸಾಬರ ಶೆಡ್ಡು. ಆ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ಆರು ತಿಂಗಳಿಂದ ಶೆಡ್ಡಿನ ಬಾಗಿಲು ತೆಗೆದಿರಲಿಲ್ಲ. ಹ್ಯಾಂಡ್‌ಪೋಸ್ಟ್ ಅನ್ನೋ ಊರಿನ ಬಡಗಿಯೊಬ್ಬ ಎರಡು ಸಲ ಬಂದು, ಉಪಕರಣದ ಪೆಟ್ಟಿಗೆ ನನಗೇ ಕೊಡಿ ಅಂತ ಕೇಳಿಹೋಗಿದ್ದ. ಸಾಬರು ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಅಷ್ಟರಲ್ಲಿ ಕೆ.ಆರ್. ನಗರದಿಂದ ವಿಮಲಾ ಮೇಡಂ ಬಂದರು. ಲೆಕ್ಕದ ಟೀಚರಾಗಿ ರಿಟೈರಾದವರು, ಹಿಂದೆ ಸಾಬರ ಹತ್ತಿರ ಮಂಚ ಮಾಡಿಸಿದ್ದವರು. ಅವರ ಹತ್ತಿರ ಆಟದ ರೈಲು ಇತ್ತಂತೆ. ಅದನ್ನು ಓಡಿಸೋಕೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಹಲಗೆ ಬೇಕು, ಕೆಳಗೆ ಚೌಕಟ್ಟು, ನಾಲ್ಕು ಕಾಲು, ಮಟ್ಟ ಮಾತ್ರ ಒಂದು ಕೂದಲೂ ತಪ್ಪಬಾರದು ಅಂದರು.

ಮೇಡಂ ಹೋದ ಮೇಲೆ ಸಾಬರು ನನಗೆ ಹೇಳಿದರು, "ಇದೊಂದು ಮಾಡಿ ನೋಡ್ತೀನಿ ಅಕ್ಕ. ಮಟ್ಟಸವಾಗಿ ಬಂದ್ರೆ ಶೆಡ್ಡು ತೆಗೀತೀನಿ. ಬರ್ಲಿಲ್ಲ ಅಂದ್ರೆ ಪೆಟ್ಟಿಗೆ ಹ್ಯಾಂಡ್‌ಪೋಸ್ಟಿನವನಿಗೆ ಕೊಟ್ಬುಡ್ತೀನಿ."

ಮಾರನೇ ದಿನದಿಂದ ನಾನು ಶೆಡ್ಡಿಗೆ ಹೋಗತೊಡಗಿದೆ. ಸಹಾಯಕ್ಕೆ ಅಂತ ಸಾಬರ ಹೆಂಡತಿ ಜೈನಾಬಿ ಇವತ್ತಿಗೂ ಹೇಳ್ತಾರೆ. ಸುಳ್ಳು, ನಾನು ಹೋದದ್ದು ನೋಡೋಕೆ. ಹುಣಸೂರಿಗೆ ರೈಲು ಬರುತ್ತೆ ಅಂತ ಕಟ್ಟೆಮಳಲವಾಡಿಯಿಂದ ಮದುವೆಯಾಗಿ ಬಂದಾಗಿನಿಂದ ಕೇಳ್ತಾ ಇದೀನಿ, ಇನ್ನೂ ಬಂದಿಲ್ಲ. ಬರೋದಾದರೆ ಹೇಗೆ ಬರುತ್ತೆ ನೋಡಬೇಕಲ್ಲ. ಹೋದವಳು ಸುಮ್ಮನೆ ಕೂರೋದು ಹೇಗೆ? ಸಾಬರು ಎಡಗೈಯಲ್ಲಿ ಗೆರೆ ಹಾಕೋರು, ನಾನು ಗರಗಸ ಎಳೆಯುತ್ತಿದ್ದೆ. ಹಳೇ ಬಾಗಿಲ ಚೌಕಟ್ಟಿನ ತೇಗ, ಮೇಲೆ ಪ್ಲೈವುಡ್ಡು.

"ಒಂದು ಹಿಡಿ ರೈಲಿಗೆ ಇಷ್ಟು ಅಡ್ಡಪಟ್ಟಿ ಯಾಕೆ ಸಾಬ್ರೇ? ನೀವು ಮನುಷ್ಯರ ಮಂಚಕ್ಕೂ ಇಷ್ಟು ಹಾಕಲ್ಲ."

"ಪ್ಲೈವುಡ್ಡು ಮಳೆಗಾಲಕ್ಕೆ ಬಾಗುತ್ತೆ ಅಕ್ಕ. ಬಾಗಿದ್ರೆ ಕಂಬಿ ಬಾಗುತ್ತೆ."

"ಪಟ್ಟಿಗೆ ತೂತು ಯಾಕೆ?"

"ವೈರು ಕೆಳಗಡೆ ಹೋಗ್ಬೇಕು."

"ರೈಲು ಓಡೋದು ಮೇಲಲ್ವಾ?"

"ಅರೆ, ಮೇಡಂ ಬಂದಾಗ ಕೇಳಿ. ನಂಗೆ ಲಕ್ವ ಹೊಡೆದಿರೋದು ಒಂದು ಕೈಗೆ, ನೀವು ತಲೆಗೂ ಹೊಡೆಸ್ಬೇಡಿ."

ನಡುವೆ ಒಂದು ದಿನ ಕೆಲಸ ನೋಡೋಕೆ ಮೇಡಂ ಬಂದರು. ಇಷ್ಟು ವಯಸ್ಸಲ್ಲಿ ರೈಲು ಯಾಕೆ ಅಂತ ಮುಖಕ್ಕೇ ಕೇಳಿದೆ. "ಮನೆ ಹತ್ತಿರಾನೇ ಸ್ಟೇಷನ್ನು ಜವರಮ್ಮ. ಸ್ಕೂಲಿಗೆ ಹೋಗೋಕೆ ದಿನಾ ರೈಲು ಹೊರಡೋ ಹೊತ್ತಿಗೆ ನಾನು ಓಡಿದ್ದೇ ಆಯ್ತು. ಈಗ ನಾನು ಹೇಳಿದಾಗ ಹೊರಡೋದು ಒಂದಿರಲಿ ಅಂತ" ಅಂದರು. ಆಮೇಲೆ ಹಲಗೆ ಮೇಲೆ ಪೆನ್ಸಿಲ್ಲಲ್ಲಿ ಬರೆದು ತೋರಿಸಿದರು: ಇಲ್ಲಿ ಸ್ಟೇಷನ್ನು, ಇಲ್ಲಿ ಗುಡ್ಡ, ಗುಡ್ಡದಿಂದ ಇಳಿಯೋ ಹೊಳೆ, ಈ ತುದಿಗೆ ಕೆರೆ.

"ಕೆರೇಲಿ ನೀರಿರುತ್ತಾ?" ಅಂದೆ.

"ನೀರಿಲ್ದೆ ಕೆರೆ ಹೆಂಗಾಗುತ್ತೆ ಜವರಮ್ಮ" ಅಂತ ನಕ್ಕರು.

ನನಗೆ ಆ ರಾತ್ರಿ ಅದೇ ಯೋಚನೆ. ನೀರು ಅಂದ ಮೇಲೆ ಚೆಲ್ಲುತ್ತೆ, ಚೆಲ್ಲಿದ್ದು ಸಪಾಟು ಹಲಗೆ ಮೇಲೆ ನಿಂತರೆ ಪ್ಲೈವುಡ್ಡು ಉಬ್ಬಿ ಸಾಬರ ಹೆಸರು ಕೆಡುತ್ತೆ. ಮರದ ಕೆಲಸದವರಿಗೆ ನೀರಿನ ವಿಷಯ ಏನು ಗೊತ್ತು? ಶುಕ್ರವಾರ ಮಧ್ಯಾಹ್ನ ಸಾಬರು ನಾಲ್ಕು ಕಾಲಿಗೂ ಗೆರೆ ಹಾಕಿ, "ಗೆರೆ ಮೇಲೆ ಕುಯ್ದಿಡಿ ಅಕ್ಕ" ಅಂತ ಹೇಳಿ ಮಸೀದಿಗೆ ಹೋದರು. ಎರಡು ಕಾಲು ಗೆರೆ ಮೇಲೆ ಕುಯ್ದೆ. ಕೆರೆ ಕಡೆಯ ಎರಡು ಕಾಲನ್ನು ಗೆರೆಗಿಂತ ಹೆಬ್ಬೆರಳು ದಪ್ಪ ಒಳಗೆ, ಗಿಡ್ಡ ಆಗೋ ಹಾಗೆ ಕುಯ್ದೆ. ಹೇಳಲಿಲ್ಲ. ವಾಟ ಕೊಡೋ ಮುಂಚೆ ಯಾರೂ ಹೇಳೋದಿಲ್ಲ. ತುಂಡುಗಳನ್ನು ಸೆರಗಿಗೆ ಹಾಕಿಕೊಂಡು ಬಂದು ಬಚ್ಚಲ ಒಲೆಯ ಪಕ್ಕದ ಸೌದೆ ಪುಟ್ಟಿಗೆ ಸುರಿದೆ. ಸಾಬರು ಬಂದು ಕಾಲು ಕೂಡಿಸಿದರು.

ಮರುದಿನ ಸಂಜೆ ಹುಣಸೂರಿಗೆ ರೈಲು ಬಂತು, ಕೆ.ಆರ್. ನಗರದ ಬಸ್ಸಿನಲ್ಲಿ, ಮೇಡಂ ಬ್ಯಾಗಿನೊಳಗೆ. ಎಂಜಿನ್ನು ನನ್ನ ಸುಣ್ಣದ ಡಬ್ಬಿಗಿಂತ ಸ್ವಲ್ಪ ಉದ್ದ. ಕಂಬಿ ಹಾಸಿ ಎಂಜಿನ್ನಿಗೆ ನಾಲ್ಕು ರೈಲುಡಬ್ಬಿ ಕೊಂಡಿ ಹಾಕಿ ಬಿಟ್ಟರು. ಸ್ಟೇಷನ್ನಿಂದ ಕೆರೆ ಕಡೆಗೆ ಬಾಣದ ಹಾಗೆ ಹೋಯಿತು. ತಿರುಗಿ ಹತ್ತುವಾಗ ಚಕ್ರ ಇದ್ದಲ್ಲೇ ಗರಗರ ಸುತ್ತಿ ನಿಂತಿತು. ಮೇಡಂ ಒಂದು ಡಬ್ಬಿ ಬಿಚ್ಚಿ ಕಂಬಿ ಮೇಲಿಟ್ಟರು. ಅದು ತಾನಾಗೇ ಉರುಳಿಕೊಂಡು ಕೆರೆ ಹತ್ತಿರ ಹೋಗಿ ನಿಂತಿತು, ನಮ್ಮನೆ ಈರುಳ್ಳಿ ಥರ.

"ಮೇಡಂ, ನೀರು ಯಾವಾಗ ಬಿಡ್ತೀರಿ?" ಅಂತ ಮೆತ್ತಗೆ ಕೇಳಿದೆ.

"ನೀರೆಲ್ಲಿದು? ನೀಲಿ ಬಣ್ಣ ಬಳಿದು ಮೇಲೆ ವಾರ್ನಿಷ್ ಹಾಕೋದು."

ಸಾಬರು ರಸಮಟ್ಟ ತಂದು ಹಲಗೆ ಮೇಲಿಟ್ಟರು. ಅದರ ಗುಳ್ಳೆ ಒಂದು ಪಕ್ಕಕ್ಕೆ ಓಡಿತು. ಅವರು ರಸಮಟ್ಟ ನೋಡಿದರು, ತಮ್ಮ ಕೈ ನೋಡಿಕೊಂಡರು. ಕಾಲು ಅಳೆದೂ ನೋಡಲಿಲ್ಲ.

"ನೀವು ಗೆರೆ ಮೇಲೇ ಕುಯ್ದಿರ್ತೀರಿ ಅಕ್ಕ, ನಿಮ್ಮ ಕೈ ನಂಗೊತ್ತು. ಗೆರೇನೇ ತಪ್ಪು ಹಾಕಿದ್ದೀನಿ."

ನಾನು ಬಾಯಿ ತೆಗೆದೆ. ತೆಗೆದರೆ ರೂಢಿಯ ಮಾತೇ ಬಂತು: "ಈ ಹವಾಕ್ಕೆ ಮರ ಎಳ್ಕೊಂಡಿರ್ಬೇಕು ಬುಡಿ."

"ಇದು ಐವತ್ತು ವರ್ಷದ ತೇಗ. ಇನ್ನೇನು ಎಳ್ಕೊಳುತ್ತೆ?" ಅಂದರು. ಎರಡು ಕಾಲಿನ ಕೆಳಗೆ ಮರದ ಚಕ್ಕೆ ಕೊಟ್ಟರಾಯಿತು ಅಂತ ಮೇಡಂ ಹೇಳಿದ್ದು ಅವರ ಕಿವಿಗೇ ಹೋಗಲಿಲ್ಲ. ನಮ್ಮೆದುರಿಗೇ ಹ್ಯಾಂಡ್‌ಪೋಸ್ಟಿಗೆ ಫೋನು ಮಾಡಿ, ನಾಳೆ ಬೆಳಗ್ಗೆ ಬಂದು ಪೆಟ್ಟಿಗೆ ತಗೊಂಡು ಹೋಗಪ್ಪ ಅಂದರು. ನಾನು ಮನೆಗೆ ಬಂದು ಮುದ್ದೆ ತಿರುವಿ ಉಂಡೆ. ಸರಿಯಾಗಿಯೇ ಉಂಡೆ, ಅದರಲ್ಲಿ ಮುಚ್ಚಿಡೋದು ಏನಿದೆ? ಆದರೆ ಹವಾ, ಮರ, ಮೇಡಂ, ಕೆರೆ ಅಂತ ಒಬ್ಬೊಬ್ಬರ ಮೇಲೆ ಹಾಕಿ ನೋಡಿದರೂ ತಪ್ಪು ಸುತ್ತಿ ಬಂದು ನನ್ನ ಹೆಬ್ಬೆರಳ ಹತ್ತಿರವೇ ನಿಲ್ಲುತ್ತಿತ್ತು.

ಬೆಳಗ್ಗೆ ಬಚ್ಚಲ ಒಲೆ ಹಚ್ಚೋಕೆ ಕೂತು ಪುಟ್ಟಿಗೆ ಕೈ ಹಾಕಿದರೆ ಕೆರೆ ಕಡೆಯ ಕಾಲಿನ ಆ ಎರಡು ತುಂಡು ಮೇಲೇ ಇದ್ದವು. ಎರಡರ ಮೈಮೇಲೂ ಸಾಬರ ಪೆನ್ಸಿಲ್ ಗೆರೆ ಹಾಗೇ ಇತ್ತು, ನೆಟ್ಟಗೆ. ಒಲೆ ಬಿಟ್ಟು ಎದ್ದು ಶೆಡ್ಡಿಗೆ ಹೋದೆ. ಹ್ಯಾಂಡ್‌ಪೋಸ್ಟಿನವನು ಆಗಲೇ ಲಗೇಜ್ ಆಟೋ ತಂದು ನಿಲ್ಲಿಸಿದ್ದ. ನಾನು ಹೋಗಿ ಪೆಟ್ಟಿಗೆ ಮೇಲೆ ಕೂತೆ.

"ಏಳಮ್ಮ, ಎತ್ಬೇಕು" ಅಂದ ಅವನು.

"ಚಾ ಕುಡ್ದು ಹೋಗಪ್ಪ, ಪೆಟ್ಟಿಗೆ ಬರಲ್ಲ" ಅಂದೆ. ತುಂಡುಗಳನ್ನು ಸಾಬರ ಎಡಗೈಗೆ ಕೊಟ್ಟೆ. "ನಿಮ್ಮ ಗೆರೆ ಸರಿಯಾಗೈತೆ ನೋಡ್ಕಳಿ. ವಾಟ ಕೊಟ್ಟೋಳು ನಾನು."

ಸಾಬರು ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ನನ್ನನ್ನು ಪೆಟ್ಟಿಗೆಯಿಂದ ಏಳಿಸಿ, ಗರಗಸ ತೆಗೆದು ಕೈಗೆ ಕೊಟ್ಟರು.

"ಗೆರೆ ಮೇಲೆ, ಅಕ್ಕ."

ಗೆರೆ ಮೇಲೆ ಕುಯ್ದೆ. ಹೆಬ್ಬೆರಳು ದಪ್ಪದ ಎರಡು ಬಿಲ್ಲೆ ಬಂದವು. ಕೆರೆ ಕಡೆಯ ಕಾಲುಗಳ ಕೆಳಗೆ ಅವನ್ನು ಕೊಟ್ಟು ರಸಮಟ್ಟ ಇಟ್ಟರು. ಗುಳ್ಳೆ ನಡುಮಧ್ಯಕ್ಕೆ ಬಂದು ನಿಂತಿತು. ಹ್ಯಾಂಡ್‌ಪೋಸ್ಟಿನವನೂ ಬಗ್ಗಿ ನೋಡಿ, ಖಾಲಿ ಆಟೋ ತಿರುಗಿಸಿಕೊಂಡು ಹೋದ. ತಪ್ಪು ನನ್ನದೇ ಅಂತ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಕೆರೇಲಿ ನೀರಿರಲ್ಲ ಅಂತ ಮೇಡಂ ಮೊದಲೇ ಹೇಳಬೇಕಿತ್ತು ಅಂತಲೂ ಸೇರಿಸಿ, ಹಾಗೇ ಬಿಟ್ಟು ಬಂದಿದ್ದ ಒಲೆ ಹಚ್ಚೋಕೆ ಮನೆಗೆ ಬಂದೆ.