ಕಾಲಂಗುಲದ ಕಮೋಡು

ನಮ್ಮ ಮನೆಯಲ್ಲಿ ಊಟದ ಮೇಜು ಎಂಬ ಒಂದು ವಸ್ತು ಇದೆ. ಅದರ ಮೇಲೆ ಊಟವೊಂದು ಬಿಟ್ಟು ಮಿಕ್ಕೆಲ್ಲ ನಡೆಯುತ್ತದೆ. ಇದಕ್ಕೆ ನಾನೇ ಕಾರಣ ಎಂದು ನನ್ನ ಹೆಂಡತಿ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಾಳೆ. ಅವಳ ಮಾತು ಸುಳ್ಳೇನಲ್ಲ. ಆದರೆ ಒಬ್ಬ ಕಲಾವಿದನ ಬಗ್ಗೆ ಮಾತಾಡುವ ರೀತಿಯೇ ಅದು? (ನನ್ನನ್ನು ಕಲಾವಿದ ಎಂದು ಕರೆಯುವವನು ಸದ್ಯಕ್ಕೆ ನಾನೊಬ್ಬನೇ. ಇರಲಿ.)

ವಿಷಯ ಏನಪ್ಪಾ ಅಂದರೆ, ನಾನು ಗೊಂಬೆಮನೆ ಕಟ್ಟುತ್ತೇನೆ. ಮಕ್ಕಳಾಟದ್ದಲ್ಲ ಸ್ವಾಮಿ, ಲೆಕ್ಕಾಚಾರದ ಗೊಂಬೆಮನೆ. ನಿಮ್ಮ ಲೋಕದ ಒಂದು ಅಡಿ ನನ್ನ ಲೋಕದಲ್ಲಿ ಕಾಲು ಅಂಗುಲ. ಅಂದರೆ ಕಣ್ಣಿಗೆ ಕಂಡಿದ್ದನ್ನೆಲ್ಲ ನಲವತ್ತೆಂಟರಿಂದ ಭಾಗಿಸಬೇಕು. ಬೆಂಕಿಕಡ್ಡಿ ಸೀಳಿದರೆ ಕುರ್ಚಿಯ ಕಾಲು, ಅಂಗಿಯ ಗುಂಡಿ ಕಿತ್ತರೆ ಟೀಪಾಯಿ, ಪೆನ್ನಿನ ಕ್ಯಾಪು ನಿಲ್ಲಿಸಿದರೆ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು. ಈ ಹವ್ಯಾಸ ಹತ್ತಿಕೊಂಡ ಮೇಲೆ ನನ್ನ ಅಂಗಿಗಳೆಲ್ಲ ಎದೆ ತೆರೆದುಕೊಂಡು ಆಫೀಸಿಗೆ ಹೋಗುತ್ತಿವೆ. ಮನೆ ಇರುವುದು ಒಂದು ಗೇಣಗಲ ಅಷ್ಟೇ. ಆದರೆ ಅದನ್ನು ಕಟ್ಟಲು ಬೇಕಾದ ಚಿಮುಟ, ಬ್ಲೇಡು, ಅಂಟು, ಬಣ್ಣ, ಒಣಗಲು ಇಟ್ಟ ಕುರ್ಚಿ, ಒಣಗಿ ಮುರಿದ ಕುರ್ಚಿ ಇವಕ್ಕೆಲ್ಲ ಆರು ಜನ ಕೂರುವ ಮೇಜೂ ಸಾಲದು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೋಫಾದ ಮೇಲೆ ಬಸ್ಸಿಗೆ ಕಾಯುವವರ ಹಾಗೆ ಕೂತು ಊಟ ಮಾಡುತ್ತಿದ್ದೆವು.

"ರೀ, ಆ ಪುಟ್ಟ ಮನೇಲಿ ಊಟದ ಮೇಜು ಇದೆಯಾ?" ಎಂದು ಒಂದು ದಿನ ಅವಳು ಕೇಳಿದಳು.

ನನಗೆ ಹಿಗ್ಗೋ ಹಿಗ್ಗು. "ಇಲ್ದೆ ಏನು! ನೋಡು ಬಾ, ನಾಲ್ಕು ಕುರ್ಚಿ ಸಮೇತ ಇದೆ."

"ಪುಣ್ಯವಂತರು. ಜಾಗ ಇದ್ರೆ ನನ್ನನ್ನೂ ಅಲ್ಲೇ ಸೇರಿಸಿಬಿಡಿ."

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಎರಡು ಬೀದಿ ಆಚೆಗಿರುವ ನಮ್ಮ ಅತ್ತೆಯವರು ತಮ್ಮ ಮನೆಗೆ ಬಣ್ಣ ಹೊಡೆಸುವ ಯೋಚನೆ ಮಾಡಿದರು. ಬಣ್ಣದ ವಾಸನೆ ಆಗುವುದಿಲ್ಲವೆಂದು ಪೆಟ್ಟಿಗೆ ಸಮೇತ ನಮ್ಮಲ್ಲಿಗೆ ಬಂದಿಳಿದರು. ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ಕೋಣೆಗೆ ಕಾಲಿಟ್ಟರೆ ಗಡಿಯಾರ ಕೂಡ ಎದ್ದು ನಿಂತ ಹಾಗಾಗುತ್ತದೆ. ಒಂದು ಸಲ ಧೈರ್ಯಕ್ಕಾಗಿ ಅವರನ್ನು ಮನಸ್ಸಿನಲ್ಲೇ ನಲವತ್ತೆಂಟರಿಂದ ಭಾಗಿಸಿ ನೋಡಿದೆ. ಉಳಿದಷ್ಟಕ್ಕೂ ಹೆದರಿಕೆಯಾಯಿತು.

ಮೇಜಿನ ಮುಂದೆ ನಿಂತು ಅವರು ಕೇಳಿದರು: "ಇದೇನು ಅಳಿಯಂದ್ರೇ?"

"ಗೊಂಬೆಮನೆ, ಅತ್ತೆ."

"ಹೌದಾ! ಮೊಮ್ಮಗು ಬರೋ ವಿಷಯ ನನಗ್ಯಾರೂ ಹೇಳ್ಲೇ ಇಲ್ವಲ್ಲ?"

"ಮೊಮ್ಮಗು ಗಿಮ್ಮಗು ಏನಿಲ್ಲಮ್ಮ," ಎಂದಳು ನನ್ನವಳು. "ಇರೋ ಒಂದು ಮಗು ಇದೇ. ಗುಂಡಿ ಕಿತ್ಕೊಂಡು ಕೂತಿದೆ."

ರಾತ್ರಿ ಊಟಕ್ಕೆ ಅತ್ತೆಯ ತೊಡೆಯ ಮೇಲೂ ತಟ್ಟೆ ಬಂತು. ಅವರು ಮೊದಲು ತಟ್ಟೆಯನ್ನು, ಆಮೇಲೆ ಮಗಳನ್ನು ನೋಡಿದರು. ಕೈ ತೊಳೆಯುವಷ್ಟರಲ್ಲಿ ತೀರ್ಪು ಹೊರಬಿತ್ತು. ಆ ಭಾನುವಾರ ಬಡಾವಣೆಯ ಗ್ರಂಥಾಲಯದಲ್ಲಿ ಹವ್ಯಾಸಿಗಳ ಕರಕುಶಲ ಪ್ರದರ್ಶನ ಇತ್ತು. ಅದರಲ್ಲಿ ನನಗೆ ಬಹುಮಾನ ಬಂದರೆ ಮೇಜು ನನ್ನದು, ಇನ್ನು ಮುಂದೆ ಯಾರೂ ಸೊಲ್ಲೆತ್ತುವ ಹಾಗಿಲ್ಲ. ಬರದಿದ್ದರೆ ಗೊಂಬೆಮನೆ ಅಟ್ಟಕ್ಕೆ, ತಟ್ಟೆ ಮೇಜಿಗೆ. ನಾನು ಎದೆಯುಬ್ಬಿಸಿ ಒಪ್ಪಿದೆ. (ಗುಂಡಿ ಇಲ್ಲದ ಅಂಗಿಯಲ್ಲಿ ಎದೆಯುಬ್ಬಿಸುವುದು ಸುಲಭ.) ಒಳಗೊಳಗೇ ಮಾತ್ರ ಮೇಜು ಕೈತಪ್ಪುವ ಭಯ ಇತ್ತು. ಆ ಮೇಜನ್ನು ಬಿಟ್ಟರೆ ಇಡೀ ಜಗತ್ತಿನಲ್ಲಿ ನಾನು ಹೇಳಿದಂತೆ ಕೇಳುವ ಜಾಗ ಇನ್ನೊಂದಿರಲಿಲ್ಲ.

ಮನೆ ಹೆಚ್ಚುಕಡಿಮೆ ಮುಗಿದಿತ್ತು. ಬಾಕಿ ಇದ್ದದ್ದು ಬಚ್ಚಲಿನ ಕಮೋಡು ಒಂದೇ. ತಂತಿ, ದಾರ ಸುತ್ತಿ ಮಾಡಿದ ಯಜಮಾನ ಗೊಂಬೆ ಪೇಪರ್ ಹಿಡಿದುಕೊಂಡು ತಯಾರಾಗಿದ್ದ. ಕೂರಲು ಜಾಗವಿಲ್ಲದೆ ಪಾಪ ಗೋಡೆಗೆ ಒರಗಿ ಕಾಯುತ್ತಿದ್ದ. ಜೇಡಿಮಣ್ಣಿನಲ್ಲಿ ಎಷ್ಟು ಸಲ ಮಾಡಿದರೂ ಕಮೋಡು ಕಮೋಡಾಗಲೊಲ್ಲದು. ಒಂದು ಅಣಬೆಯಾಯಿತು, ಇನ್ನೊಂದು ಬೂಟಾಯಿತು. ಮತ್ತೊಂದನ್ನು ನೋಡಿ ಹೆಂಡತಿ, "ಬಾತುಕೋಳಿ ಚೆನ್ನಾಗಿ ಬಂದಿದೆ ಕಣ್ರೀ," ಎಂದು ಮೊದಲ ಬಾರಿಗೆ ನನ್ನನ್ನು ಹೊಗಳಿದಳು.

ಮಾರನೆಯ ದಿನ ಆಫೀಸಿನಿಂದ ಬಂದು ನೋಡುತ್ತೇನೆ, ಮೇಜಿನ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಒಂದು ಪುಟ್ಟ ಡಬ್ಬಿ! ಮುಚ್ಚಳ ತೆಗೆದರೆ ಹತ್ತಿಯ ಹಾಸಿಗೆ. ಆ ಹಾಸಿಗೆಯ ಮೇಲೆ ಕಾಲಂಗುಲಕ್ಕೆ ಚೂರು ಹೆಚ್ಚು ಎತ್ತರದ, ಪಿಂಗಾಣಿಯಲ್ಲಿ ಎರಕ ಹೊಯ್ದಂತಿದ್ದ, ಒಳಗೆ ಟೊಳ್ಳಿರುವ, ನುಣ್ಣನೆ ಅಂಚಿನ ದಿವ್ಯವಾದ ಕಮೋಡು! ನನ್ನ ಕಣ್ಣು ತೇವವಾಯಿತು. ಬಾಯಲ್ಲಿ ಬೈದರೂ ನನ್ನವಳು ಎಲ್ಲಿಂದಲೋ ಹುಡುಕಿಸಿ, ಗುಟ್ಟಾಗಿ ತಂದಿಟ್ಟಿದ್ದಾಳಲ್ಲ ಅನ್ನಿಸಿತು. ನೇರವಾಗಿ ಕೇಳಿದರೆ ನಾಚಿಕೊಂಡಾಳೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಥ್ಯಾಂಕ್ಸ್ ಕಣೇ," ಎಂದೆ.

"ಯಾಕೆ?"

"ಯಾಕೆ ಅಂತ ನಿಂಗೇ ಗೊತ್ತು."

"ಜ್ವರ ಗಿರ ಬಂದಿದೆಯಾ?" ಎಂದು ಹಣೆ ಮುಟ್ಟಿ ನೋಡಿದಳು. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದು ಮೆಚ್ಚಿಕೊಂಡು ಬಂದೆ. ಕಮೋಡನ್ನು ಬಚ್ಚಲಲ್ಲಿ ಅಂಟಿಸಿ ಯಜಮಾನನನ್ನು ಕೂರಿಸಿದೆ. ಹತ್ತಿಯನ್ನು ಹಾಳುಮಾಡುವುದೇಕೆಂದು ಎರಡು ದಿಂಬು ಮಾಡಿದೆ. ಡಬ್ಬಿಗೆ ಬಾಗಿಲು ಬರೆದು ಮಲಗುವ ಕೋಣೆಯ ಬೀರುವನ್ನಾಗಿ ಮಾಡಿದೆ.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಪವಾಡ ನಡೆದಿತ್ತು. ಅತ್ತೆ ಮಾತು ಕಡಿಮೆ ಮಾಡಿದ್ದರು. ಬಾಯಿಗೆ ಸದಾ ಕರವಸ್ತ್ರ ಅಡ್ಡ ಹಿಡಿದು "ಹ್ಞೂಂ", "ಉಹ್ಞೂಂ" ಅನ್ನುವುದರಲ್ಲೇ ಮುಗಿಸುತ್ತಿದ್ದರು. ನಗುವುದಂತೂ ನಿಂತೇ ಹೋಗಿತ್ತು. ನನ್ನ ಕಲೆಯನ್ನು ಕಂಡು ಮೂಕವಿಸ್ಮಿತರಾಗಿದ್ದಾರೆ ಎಂದುಕೊಂಡೆ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಹೆಂಡತಿ ಸೋಫಾದ ಕೆಳಗೆ ಟಾರ್ಚು ಬಿಟ್ಟುಕೊಂಡು ಮಲಗಿದ್ದಳು.

"ಏನು ಹುಡುಕ್ತಿದೀಯ?"

"ಅಮ್ಮನ ಕ್ಯಾಪು ಕಾಣ್ತಿಲ್ಲ. ನೀವೇನಾದ್ರೂ ತಗೊಂಡ್ರಾ?"

ಮಾಳಿಗೆಯ ಮೇಲಿನ ನೀರಿನ ಟ್ಯಾಂಕು! ಯಾರ ಪೆನ್ನಿನದೋ ಏನೋ. ಸದ್ದಿಲ್ಲದೆ ಕಿತ್ತು, ಬಣ್ಣ ಕೆರೆದು, ಅತ್ತೆಯ ಮುಂದೆ ಹಿಡಿದೆ. "ಅತ್ತೆ, ಇದಾ ನಿಮ್ಮ ಕ್ಯಾಪು?"

ಕರವಸ್ತ್ರದ ಹಿಂದಿನಿಂದ ಬಲವಾದ "ಉಹ್ಞೂಂ" ಬಂತು. ಹಾಗಾದರೆ ತಲೆಗೆ ಹಾಕುವ ಕ್ಯಾಪೇ ಇರಬೇಕೆಂದು ಓಡಿಹೋಗಿ ನನ್ನ ಉಣ್ಣೆಯ ಟೋಪಿ ತಂದೆ. "ಸಿಗೋವರೆಗೂ ನನ್ನದನ್ನೇ ಹಾಕ್ಕೊಳ್ಳಿ ಅತ್ತೆ. ಸಂಕೋಚ ಬೇಡ, ಒಗೆದಿಟ್ಟಿದ್ದು."

ಅತ್ತೆಯ ಕಣ್ಣು ಕೆಂಪಾಯಿತು. ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ಹೋಗಿ ಹೋಗಿ ನಮ್ಮಮ್ಮಂಗೆ ಟೋಪಿ ಹಾಕಕ್ಕೆ ಬರ್ತೀರಲ್ಲ, ಬುದ್ಧಿ ಬೇಡ್ವಾ?"

"ಯಾವ ಕ್ಯಾಪು ಅಂತ ಬಿಡಿಸಿ ಹೇಳೇ ಮಾರಾಯ್ತಿ!"

"ನಿಮಗೆ ಹೇಳಬಾರದು ಅಂತ ಅಮ್ಮ ಆಣೆ ಹಾಕಿಸಿಕೊಂಡಿದಾರೆ. ಸುಮ್ನೆ ನಿಮ್ಮ ಕೆಲಸ ನೋಡ್ಕೊಳ್ಳಿ."

ನಾನು ನನ್ನ ಕೆಲಸ ನೋಡಿಕೊಂಡೆ. ದಾಂಪತ್ಯದಲ್ಲಿ ಪ್ರಶ್ನೆ ಕಡಿಮೆ ಕೇಳಿದಷ್ಟೂ ಒಳ್ಳೆಯದು ಎಂಬ ಸಿದ್ಧಾಂತದವನು ನಾನು.

ಭಾನುವಾರ ಗ್ರಂಥಾಲಯದ ಸಭಾಂಗಣ ತುಂಬಿತ್ತು. ನನ್ನ ಎಡಗಡೆ ಕಾಗದದ ಹೂವು, ಬಲಗಡೆ ಸೀಸೆಯೊಳಗೆ ಹಡಗು ಇಳಿಸಿದ್ದ ಒಬ್ಬ ಪೋಸ್ಟ್‌ಮ್ಯಾನ್. ಹೆಂಡತಿ, ಅತ್ತೆ ಇಬ್ಬರೂ ನನ್ನ ಹಿಂದೆ ಕಾವಲುಗಾರರ ಹಾಗೆ ನಿಂತಿದ್ದರು. ತೀರ್ಪುಗಾರರಾಗಿ ಬಂದವರು ನಮ್ಮ ಬಡಾವಣೆಯ ಹಲ್ಲಿನ ಡಾಕ್ಟರು. ಸಣ್ಣ ಕೆಲಸದಲ್ಲಿ ಅವರ ಕಣ್ಣು ಚುರುಕು ಎಂದು ಕರೆಸಿದ್ದರಂತೆ. ವಾರವಿಡೀ ಊರಲ್ಲಿಲ್ಲದೆ ಆ ದಿನ ಬೆಳಿಗ್ಗೆಯಷ್ಟೇ ಬಂದಿದ್ದರು.

ಡಾಕ್ಟರು ಭೂತಗನ್ನಡಿ ಹಿಡಿದು ನನ್ನ ಮನೆಯೊಳಗೆ ಬಗ್ಗಿದರು. ಕುರ್ಚಿಗಳನ್ನು ನೋಡಿ, "ಭೂಕಂಪ ಆದ ಮೇಲಿನ ಮನೆಯಾ?" ಎಂದು ಕೇಳಿದರು. ಹಿಂದಿನಿಂದ ಹೆಂಡತಿ ಕಿಸಕ್ಕೆಂದಳು. ಮೇಜು ಕೈತಪ್ಪಿತು ಎಂದುಕೊಂಡೆ. ಅಷ್ಟರಲ್ಲಿ ಡಾಕ್ಟರು ಬಚ್ಚಲಿನ ಹತ್ತಿರ ತಟ್ಟನೆ ನಿಂತರು. ಯಜಮಾನನನ್ನು ಚಿಮುಟದಿಂದ ಮೆಲ್ಲಗೆ ಎಬ್ಬಿಸಿ ಪಕ್ಕಕ್ಕಿಟ್ಟರು.

"ಆಹಾ! ಈ ಕಮೋಡು! ಈ ಹೊಳಪು, ಈ ಅಂಚು! ಇದನ್ನ ಮಾಡಿದ ಕೈ ಸಾಮಾನ್ಯದ್ದಲ್ಲ ಕಣ್ರೀ. ಯಾರು ಮಾಡಿದ್ದು?"

ಹೆಂಡತಿ ತಂದುಕೊಟ್ಟಿದ್ದು ಅನ್ನಬೇಕಿತ್ತು. ಆದರೆ ಮೇಜು ಕಣ್ಣ ಮುಂದೆ ಬಂತು. "ನಾನೇ ಸಾರ್. ಕೈಯಾರೆ ತಿದ್ದಿ ತೀಡಿ ಮಾಡಿದ್ದು."

"ಇದು ಪೂರ್ತಿ ಬಿಳಿ ಅಲ್ಲ, ಚೂರು ಹಳದಿ ಛಾಯೆ ಇದೆ. ಅದನ್ನ ಸಾಧಿಸೋದು ಬಹಳ ಕಷ್ಟ. ಯಾಕೆ ಆ ಬಣ್ಣ ಆರಿಸಿದ್ರಿ?"

"ಹಳೇ ಕಮೋಡು ಸಾರ್. ಉಪಯೋಗಿಸಿ ಉಪಯೋಗಿಸಿ ಹಳದಿಯಾಗಿದೆ ಅನ್ನೋ ಭಾವನೆ ಬರಲಿ ಅಂತ."

ಡಾಕ್ಟರು ತಲೆದೂಗಿದರು. ಆಮೇಲೆ ತಡೆಯಲಾರದೆ ಚಿಮುಟ ಹಾಕಿ ಟಕ್ಕೆಂದು ಕಮೋಡನ್ನು ಕಿತ್ತೇಬಿಟ್ಟರು. ಬುಡಮೇಲು ಮಾಡಿದರು. ಹುಬ್ಬು ಗಂಟಿಕ್ಕಿತು. "ಇದರ ತಳದಲ್ಲಿ ಇದೇನು ಉಬ್ಬು ತಗ್ಗು?"

"ಜಾರಬಾರದು ಅಂತ ಸಾರ್."

"ಜಾರಬಾರದು ಅಂತ ಅಲ್ಲ ರೀ, ಅಗಿಯೋದಕ್ಕೆ! ಇದು ಮೇಲ್ದವಡೆ, ಎಡಗಡೆ, ಕೋರೆಹಲ್ಲಿನ ಪಕ್ಕದ್ದು. ಈ ಕ್ಯಾಪ್ ಮಾಡಿದ್ದು ನಾನು!"

ಕ್ಯಾಪ್! ಆ ಎರಡಕ್ಷರ ನನ್ನ ತಲೆಯೊಳಗೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ, ಹಿಂದಿನಿಂದ ಕರವಸ್ತ್ರ ನೆಲಕ್ಕೆ ಬಿತ್ತು.

"ಅದು ನನ್ನ ಹಲ್ಲು!" ಎಂದು ಅತ್ತೆ ಇಡೀ ಶಾಲೆಗೆ ಕೇಳಿಸುವ ಹಳೆಯ ದನಿಯಲ್ಲಿ ಕೂಗಿದರು. ಅಳಿಯನಿಗೆ ತಿಳಿಯಬಾರದೆಂದು ಕಾಪಾಡಿಕೊಂಡು ಬಂದಿದ್ದ ಗುಟ್ಟು ಇಡೀ ಬಡಾವಣೆಗೇ ತಿಳಿಯಿತು. ಬಿಸ್ಕತ್ತು ಕಚ್ಚುವಾಗ ಕಳಚಿಕೊಂಡಿತಂತೆ. ಡಾಕ್ಟರು ಬರುವ ತನಕ ಇರಲೆಂದು ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದರಂತೆ.

"ಯೋಚನೆ ಮಾಡಬೇಡಿಮ್ಮ," ಎಂದರು ಡಾಕ್ಟರು. "ಶುದ್ಧ ಮಾಡಿ ಮತ್ತೆ ಕೂರಿಸಿಬಿಡ್ತೀನಿ. ಗೊತ್ತೇ ಆಗಲ್ಲ."

"ಸಂಡಾಸಾಗಿದ್ದ ಹಲ್ಲನ್ನ ನಾನು ಬಾಯಲ್ಲಿ ಇಟ್ಕೊಳ್ಳೋದಾ?"

"ಅತ್ತೆ, ಅದನ್ನ ಯಾರೂ ಉಪಯೋಗಿಸಿಲ್ಲ..." ಎಂದು ನಾನು ಸಮಾಧಾನ ಹೇಳಲು ಹೋದೆ.

"ಅವನ್ಯಾರೋ ಪೇಪರ್ ಓದ್ಕೊಂಡು ಕೂತಿದ್ನಲ್ಲ ಅದರ ಮೇಲೆ!"

ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, "ಅವತ್ತು ಥ್ಯಾಂಕ್ಸ್ ಅಂದಿದ್ದು ಇದಕ್ಕಾ?" ಎಂದಳು. ನಾನು ಪಕ್ಕದ ಸೀಸೆಯ ಹಡಗನ್ನು ನೋಡುತ್ತ ನಿಂತೆ. ಅದರಲ್ಲಿ ಹತ್ತಿಕೊಂಡು ಹೊರಟುಹೋಗುವಂತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ತಮ್ಮ ಕೆಲಸಕ್ಕೆ ತಾವೇ ಬಹುಮಾನ ಕೊಟ್ಟುಕೊಳ್ಳಲಾಗದು ಎಂದು ಡಾಕ್ಟರು ಬಹುಮಾನವನ್ನು ಪೋಸ್ಟ್‌ಮ್ಯಾನ್‌ಗೆ ಕೊಟ್ಟರು.

ಅವತ್ತೇ ಗೊಂಬೆಮನೆ ಅಟ್ಟ ಹತ್ತಿತು. ಮೇಜಿನ ಮೇಲೆ ತಟ್ಟೆಗಳು ಬಂದವು. ಅತ್ತೆಗೆ ಹೊಸ ಹಲ್ಲು ತಯಾರಾಗಬೇಕಿತ್ತು. ಅದಿಲ್ಲದೆ ಅವರು ಬೀದಿಗೆ ಮುಖ ತೋರಿಸುವವರಲ್ಲ. ಅವರ ಮನೆಯ ಬಣ್ಣ ಒಣಗಿದರೂ ನಮ್ಮಲ್ಲೇ ಉಳಿದರು. ನಾನು ಆಫೀಸಿಗೆ ಹೋಗಿ ಬಂದು, ಊಟ ಮಾಡಿ, ಮೇಜನ್ನು ಸವರಿ ನಿಟ್ಟುಸಿರು ಬಿಟ್ಟು ಮಲಗುತ್ತಿದ್ದೆ.

ಒಂದು ಸಂಜೆ ಬಂದು ನೋಡಿದರೆ ಮೇಜಿನ ಮೇಲೆ ಮತ್ತೆ ಚಿಮುಟ, ಬ್ಲೇಡು, ಅಂಟು! ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅತ್ತೆ ಕೂತಿದ್ದರು. ನನ್ನ ಕುರ್ಚಿಯೊಂದನ್ನು ಬೆಳಕಿಗೆ ಹಿಡಿದಿದ್ದರು.

"ಇದನ್ನ ಯಾರು ಮಾಡಿದ್ದು?"

"ನಾನೇ ಅತ್ತೆ."

"ಕಾಲು ನೋಡಿದಾಗಲೇ ಅಂದ್ಕೊಂಡೆ. ಸುಮ್ನೆ ಕೂತು ಕೂತು ಬೇಜಾರಾಯ್ತು, ಅದಕ್ಕೇ ಅಟ್ಟದಿಂದ ಇಳಿಸಿದೆ. ನಿಮ್ಮದೆಲ್ಲ ತಿದ್ದಬೇಕು."

ಅವರ ಮುಂದೆ ಅವರೇ ಮಾಡಿದ ಆರು ಕುರ್ಚಿಗಳು ಸಾಲಾಗಿ, ನೆಟ್ಟಗೆ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತಿದ್ದವು. ನನಗೆ ಹೊಟ್ಟೆ ಉರಿಯಿತು. ಅಡುಗೆಮನೆಗೆ ಹೋಗಿ ಹೆಂಡತಿಗೆ ದೂರು ಕೊಟ್ಟೆ. "ಮೇಜಿನ ಮೇಲೆ ಊಟ ಮಾತ್ರ ಅಂತ ಒಪ್ಪಂದ ಆಗಿತ್ತಲ್ಲ!"

"ಅಮ್ಮ ಮಾಡ್ತಿರೋದು ಕಲೆ ಕಣ್ರೀ."

"ಹಾಗಾದ್ರೆ ನಾನು ಮಾಡಿದ್ದು?"

"ಅದೂ ಕಲೆನೇ. ಮೇಜಿನ ಮೂಲೇಲಿ ನೋಡಿ, ಅಂಟಿಂದು. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ."

ಮೊನ್ನೆ ಹೊಸ ಹಲ್ಲು ಸರಿಯಾಗಿ ಕೂತಿದೆಯೇ ಎಂದು ವಿಚಾರಿಸಲು ಡಾಕ್ಟರು ಮನೆಗೇ ಬಂದರು. ಅತ್ತೆ ಹಲ್ಲು ಕಾಣುವಂತೆ ನಕ್ಕರು. ಡಾಕ್ಟರು ಹಲ್ಲನ್ನು ಒಂದು ಕ್ಷಣ ನೋಡಿ, ಭೂತಗನ್ನಡಿ ತೆಗೆದು ಮೇಜಿನ ಮೇಲೆ ಬಗ್ಗಿದರು. "ಅದ್ಭುತ! ಇದೆಲ್ಲ ಅಳಿಯಂದ್ರು ಮಾಡಿದ್ದಾ?"

ನಾನು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಸೋಫಾದಲ್ಲಿ ಕೂತಿದ್ದೆ. ಊಟ ಅರ್ಧಕ್ಕೇ ಬಿಟ್ಟು, ತಟ್ಟೆ ಸಮೇತ ಆಸೆಯಿಂದ ಮೇಜಿನ ಹತ್ತಿರ ಹೋಗಿ ನಿಂತೆ.

"ಅವರಾ?" ಎಂದರು ಅತ್ತೆ ಚಿಮುಟದಿಂದ ಕಣ್ಣೆತ್ತದೆ. "ಅವರಿಗೂ ಸ್ವಲ್ಪ ಸ್ವಲ್ಪ ಬರುತ್ತೆ. ಸದ್ಯಕ್ಕೆ ಮರಳುಕಾಗದ ಕೊಟ್ಟು ಗೋಡೆ ಉಜ್ಜಕ್ಕೆ ಬಿಟ್ಟಿದೀನಿ. ಕುರ್ಚಿ ಕೆಲಸ ಕೊಡೋಕೆ ಇನ್ನೂ ಸಮಯ ಇದೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ರೀ, ಅಮ್ಮಂಗೆ ಬೆಳಕಿಗೆ ಅಡ್ಡ ಬರ್ತಿದೀರ. ಆ ಕಡೆ ಹೋಗಿ ಊಟ ಮಾಡಿ."